ಉಂಡ ಮೇಲಿನ ರಕ್ತ

ತಂದೆಗೆ ಕಾಯಿಲೆ ಇರಲಿ ದೇವರೇ ಎಂದು ಬೇಡಿಕೊಂಡ ಮಗಳನ್ನು ನೀವು ಕಂಡಿರಲಿಕ್ಕಿಲ್ಲ. ಕಂಡಿದ್ದರೂ ಆಕೆ ನಿಮಗೆ ಹೇಳಿರಲಿಕ್ಕಿಲ್ಲ. ಬಾಗಲಕೋಟೆಯ ವಿದ್ಯಾಗಿರಿಯ ಶುಭದಾ ಹಾಗೆ ಬೇಡಿಕೊಂಡಳು. ಅದೂ ದೇವರ ಮುಂದೆ ಕೈಮುಗಿದು ಅಲ್ಲ, ದಾರಿಯಲ್ಲಿ ನಿಂತ ಬಸ್ಸಿನಲ್ಲಿ ಕಂಬ ಹಿಡಿದು ನಿಂತುಕೊಂಡು. ಎಂಥ ಕೆಟ್ಟ ಹುಡುಗಿ ಎಂದು ಈಗಲೇ ಮೂಗು ಮುರಿಯಬೇಡಿ, ಆ ಗತಿ ಹೇಗೆ ಬಂತೆಂದು ಮೊದಲು ಕೇಳಿ.

ಶುಭದಾ ಹುನಗುಂದದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ದಿನಾ ಬಾಗಲಕೋಟೆಯಿಂದ ಶಿರೂರು, ಅಮೀನಗಡ ದಾಟಿ ಹೋಗಿ ಬರುವುದು. ಪಿಯುಸಿ ಪರೀಕ್ಷೆಯ ಹೊತ್ತಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಇಷ್ಟು ಎಳೆಯ ವಯಸ್ಸಿಗೆ, ಇಷ್ಟು ಸಣಕಲು ಮೈಗೆ ಬಂದಿದೆಯೆಂದರೆ ಇದು ಟೈಪ್ ಒನ್ನೇ ಎಂದು ಆಗಿನ ಡಾಕ್ಟರು ಹೇಳಿದರು, ಇನ್ಸುಲಿನ್ ಬರೆದರು. ಅಂದಿನಿಂದ ಒಂಬತ್ತು ವರ್ಷ, ಊಟಕ್ಕೊಂದು ಸೂಜಿ, ರಾತ್ರಿಗೊಂದು ಸೂಜಿ. ಹೊಟ್ಟೆಯ ಮೇಲೆ ಚುಚ್ಚಿದಲ್ಲೆಲ್ಲ ಗಂಟು ಕಟ್ಟಿದ್ದವು. ಇನ್ಸುಲಿನ್ ಒಂದಿಷ್ಟು ಹೆಚ್ಚಾದರೆ ಕೈ ನಡುಗಿ, ಬೆವರು ಕಿತ್ತು, ಕಣ್ಣು ಕತ್ತಲೆ. ಹೋದ ತಿಂಗಳು ಒಂಬತ್ತನೇ ಕ್ಲಾಸಿನಲ್ಲಿ ಸಮೀಕರಣ ಬಿಡಿಸುತ್ತ ಬಿಡಿಸುತ್ತ ಬೋರ್ಡಿಗೆ ಹಣೆ ಹಚ್ಚಿ ನಿಂತುಬಿಟ್ಟಿದ್ದಳು. ಟೀಚರು ಯೋಚನೆ ಮಾಡುತ್ತಿದ್ದಾರೆಂದು ಹುಡುಗರು ಸುಮ್ಮನೆ ಕೂತಿದ್ದರು, ಅವಳು ಕುಸಿದು ಬೀಳುವತನಕ. ಮಾರನೆಯ ದಿನ ಹೆಡ್‌ಮಾಸ್ತರು ಬಹಳ ಮೃದುವಾಗಿ, ಸ್ವಲ್ಪ ರಜೆ ಹಾಕಿ ವಿಶ್ರಾಂತಿ ತಗೊಳ್ಳಿ ಎಂದರು. ಆ ಮೃದುತನವೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಹೆದರಿಕೆಯಿಂದಲೇ ಅವಳು ಬಾಗಲಕೋಟೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಮೃಣಾಲಿನಿಯವರ ಬಳಿ ಹೋದದ್ದು. ಆಕೆ ಹಳೆಯ ಫೈಲು ತಿರುವಿ ಹಾಕಿ, ತುಟಿ ಕಚ್ಚಿ, ಒಂದಿಷ್ಟು ಬೇರೆ ರಕ್ತಪರೀಕ್ಷೆ ಬರೆದುಕೊಟ್ಟರು. ರಿಪೋರ್ಟು ಬಂದ ದಿನ ಕುರ್ಚಿ ಎಳೆದು ಕೂರಿಸಿಕೊಂಡರು.

"ನೋಡು ಶುಭದಾ, ಟೈಪ್ ಒನ್ ಇದ್ದವ್ರ ಮೈಯಾಗ ಇನ್ಸುಲಿನ್ ಹುಟ್ಟಿಸೋ ತಮ್ಮ ಕಣಾನ ತಾವ ಕೊಲ್ಲೋ ಆ್ಯಂಟಿಬಾಡಿ ಇರ್ತಾವ. ನಿನ್ನಲ್ಲೆ ಒಂದೂ ಇಲ್ಲ. ಸಿ-ಪೆಪ್ಟೈಡ್ ಅಂತ ಒಂದದ, ಇನ್ಸುಲಿನ್ ಹುಟ್ಟಿದಲ್ಲೆ ಅದೂ ಜೋಡೀಲೆ ಹುಟ್ಟತದ. ಒಂಬತ್ತು ವರ್ಷಕ್ಕ ಅದು ಸೊನ್ನಿಗೆ ಬಂದಿರಬೇಕಿತ್ತು. ನಿಂದು ಛಂದ ಅದ."

"ಅಂದ್ರ ನನಗ ಟೈಪ್ ಟೂ ಏನ್ರಿ?"

"ಅದೂ ಅಲ್ಲ ಅನಸ್ತದ. ಕೊರೋನಾದಾಗ ಎಲ್ಲಾರೂ ಸಿಆರ್‌ಪಿ, ಸಿಆರ್‌ಪಿ ಅಂತಿದ್ರಲ್ಲ? ಮೈಯಾಗ ಬಾವು, ಉರಿ ಇದ್ರ ಏರ್ತದ. ಹೊಟ್ಟಿ ಬಂದ ಸಕ್ಕರಿ ಮಂದಿಗೂ ಏರಿರ್ತದ. ನಿಂದು ಇದ್ದೂ ಇಲ್ಲದಂಗ ಅದ. ಒಂದ ಒಂದು ಜೀನ್ ಕೆಟ್ಟು ಬರೋ ಸಕ್ಕರಿ ಒಂದದ, ಅದ್ರಾಗ ಇದು ಹಿಂಗ ತಳಕ್ಕ ಇಳಿದಿರ್ತದ. ಅಪ್ಪನಿಂದರೆ ಬಂದಿರಬೇಕು, ಅವ್ವನಿಂದರೆ ಬಂದಿರಬೇಕು." ಡಾಕ್ಟರು ಫೈಲು ಮುಚ್ಚಿ ಹೇಳಿದರು. "ಅಂಥಾದ್ದ ಆದ್ರ ಭಾಳ ಮಂದಿಗೆ ಸೂಜೀನ ಬೇಕಾಗೋದಿಲ್ಲ. ಸಣ್ಣದೊಂದು ಗುಳಿಗಿ ಸಾಕು."

ಶುಭದಾ ಕುರ್ಚಿಯಿಂದ ಎದ್ದು ನಿಂತಳು. ಯಾಕೆ ಎದ್ದಳೆಂದು ಅವಳಿಗೇ ಗೊತ್ತಿಲ್ಲ. ಮತ್ತೆ ಕೂತಳು, ಮತ್ತೆ ಎದ್ದಳು.

"ಕೂಡವಾ. ಈಗ ಒಂದು ಯೂನಿಟ್ಟೂ ಕಡಿಮಿ ಮಾಡಬ್ಯಾಡ, ನೆನಪಿರಲಿ. ಜೀನ್ ಪರೀಕ್ಷೆ ಆಗಿ ಖಾತ್ರಿ ಆಗಬೇಕು. ಆದರ ಅದಕ್ಕ ಕಳಸೋಕಿಂತಾ ಮೊದಲ ನಿಮ್ಮ ಮನ್ಯಾಗ ಯಾರಿಂದ ಬಂತು ಅನ್ನೋ ಅಂದಾಜರೆ ನನಗ ಬೇಕು. ಹಿರೇರೊಳಗ ಒಬ್ಬರಿಗೆ, ಸಣಕಲು ಮೈಯಾಗ, ಸಕ್ಕರಿ ಸಿಗಬೇಕು. ಯಾರಿಗೂ ಇಲ್ಲ ಅಂದ್ರ ನಾ ಅಂದ್ಕೊಂಡದ್ದು ಸುಳ್ಳಾದ್ರೂ ಆಗಬಹುದು."

ಆ ದಿನದಿಂದ ಶುಭದಾಳ ಕಾಲಿಗೆ ಚಕ್ರ ಬಂತು. ಕೂತಲ್ಲಿ ಕೂಡಲಾರಳು, ನಿಂತಲ್ಲಿ ನಿಲ್ಲಲಾರಳು. ತನ್ನ ಹೊಟ್ಟೆಯ ಗಂಟುಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಳ್ಳುವಳು. ಗುಳಿಗೆ! ಒಂದು ಗುಟುಕು ನೀರಿನ ಜೊತೆ ನುಂಗಿ ಬಸ್ಸು ಹತ್ತುವುದು! ಊರಿನ ಮುದುಕರೆಲ್ಲ ಬೇಸರಪಟ್ಟು ನುಂಗುವ ಗುಳಿಗೆ ಈ ಹುಡುಗಿಗೆ ಅಮೃತದ ಹಾಗೆ ಕಂಡಿತು.

ಮನೆಯಲ್ಲಿ ಈ ವಿಷಯ ಎತ್ತುವುದೆಂದರೆ ಮಾತ್ರ ಹಾವಿನ ಹುತ್ತಕ್ಕೆ ಕೈ ಇಟ್ಟಂತೆ. ಅವಳ ತಂದೆ ಸತ್ಯಬೋಧರು ನಿವೃತ್ತ ಸಂಸ್ಕೃತ ಮಾಸ್ತರು. ಬಿದಿರಿನ ಗಳದಂಥ ಮೈ, ನೆಟ್ಟಗಿನ ಬೆನ್ನು, ಅದಕ್ಕಿಂತ ನೆಟ್ಟಗಿನ ಮಾತು. ಬುದ್ಧಿ ತಿಳಿದಾಗಿನಿಂದ ಒಂದೂ ಏಕಾದಶಿ ತಪ್ಪಿಸಿದವರಲ್ಲ, ಅದೂ ನೀರು ಸಹ ಮುಟ್ಟದ ಏಕಾದಶಿ. ತಮ್ಮ ಆರೋಗ್ಯಕ್ಕೆಲ್ಲ ಅದೇ ಕಾರಣ ಎಂಬುದು ಅವರ ಸಿದ್ಧಾಂತ. ಮಗಳಿಗೆ ಸಕ್ಕರೆ ಬಂದಾಗ ಆ ಸಿದ್ಧಾಂತಕ್ಕೆ ಪೆಟ್ಟು ಬೀಳಬಾರದೆಂದು ಒಂದು ಉಪಸಿದ್ಧಾಂತ ಕಟ್ಟಿದರು. ಕಾಯಿಲೆ ಬಂದದ್ದು ಇಳಕಲ್ಲಿನಿಂದ, ಅಂದರೆ ಹೆಂಡತಿ ಸರಸ್ವತೀಬಾಯಿಯ ತವರಿನಿಂದ. ಅಲ್ಲಿ ಏಕಾದಶಿಯ ದಿನ ಸಾಬೂದಾಣಿ ಖಿಚಡಿ ತಿಂದು, ಮೇಲೆ ಬಾಳೆಹಣ್ಣು ತಿಂದು, ಅದಕ್ಕೆ ಉಪವಾಸ ಎಂದು ಕರೆಯುತ್ತಾರೆ. ಅಂಥ ಮನೆಗೆ ಸಕ್ಕರೆ ಬರದೆ ಏನು ಬಂದೀತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ ಪಾಪ ಸರಸ್ವತೀಬಾಯಿ ಒಂಬತ್ತು ವರ್ಷ ಬರೆ ಹಾಕಿಸಿಕೊಂಡರು.

ಶುಭದಾಳೂ ಇದನ್ನು ನಂಬಿದ್ದಳು. ಕಾಯಿಲೆ ಬಂದ ಮೊದಲ ವರ್ಷ ಯಾರಿಗೂ ಹೇಳದೆ ಒಂದು ಏಕಾದಶಿ ಮಾಡಿ, ಸಂಜೆಗೆ ಆಸ್ಪತ್ರೆ ಸೇರಿದ್ದಳು. ಆಮೇಲೆ ದೇವರ ಮನೆಯ ಹೊಸಿಲಲ್ಲಿ ನಿಂತಾಗಲೆಲ್ಲ ತಾನು ಈ ಮನೆಗೆ ಅರ್ಧ ಸಲ್ಲದವಳು ಅನ್ನಿಸುತ್ತಿತ್ತು.

"ಪರೀಕ್ಷಾ ಮಾಡಸೋಣ. ಬ್ಯಾಡ ಅಂದವ್ರ್ಯಾರು?" ಎಂದರು ಸತ್ಯಬೋಧರು. "ಮೊದಲ ನಿಮ್ಮ ಅವ್ವನ ಕಡೆ ನೋಡು. ನಂದು ವರ್ಷಾ ವರ್ಷಾ ನೋಡಸ್ತೇನಿ, ಎಲ್ಲಾ ಸರಿ ಅದ."

ಸರಸ್ವತೀಬಾಯಿ ಸೆರಗಿಗೆ ಕೈ ಒರೆಸಿಕೊಂಡು ಅಂದೇ ಹೊರಟರು. ಅವರ ಸಕ್ಕರೆ ಗಡಿಯ ಮೇಲೆ ನಿಂತಿತ್ತು, ಇದೆ ಎನ್ನುವ ಹಾಗೂ ಇಲ್ಲ, ಇಲ್ಲ ಎನ್ನುವ ಹಾಗೂ ಇಲ್ಲ. ಸಿಆರ್‌ಪಿ ಏನೋ ಏರಿತ್ತು, ಆದರೆ ಮಂಡಿ ಬಾತು ತಿಂಗಳಾಗಿದ್ದರಿಂದ ಡಾಕ್ಟರು ಅದನ್ನು ನಂಬಲಿಲ್ಲ. ಹಾಗಾದರೆ ಅವರ ಅಣ್ಣ ಶಿರೀಷರದು ನೋಡೋಣ, ಅವರಿಗೆ ಸಕ್ಕರೆ ಇರುವುದಂತೂ ಖರೆ, ಯಾವ ಜಾತಿಯದೆಂದು ಗೊತ್ತಾಗಲಿ ಎಂದರು.

ಶಾಲೆಯಿಂದ ಅರ್ಧ ದಿನ ರಜೆ ಕೇಳಿ ಶುಭದಾ ಹುನಗುಂದದಿಂದ ಇಳಕಲ್ಲಿನ ಬಸ್ಸು ಹತ್ತಿದಳು. ಅಲ್ಲಿಗೇನು, ಕಣ್ಣು ಮುಚ್ಚಿ ತೆಗೆಯುವಷ್ಟು ದಾರಿ. ಅವಳಿಗೆ ಮಾತ್ರ ಪ್ರತಿ ಸ್ಟಾಪಿನಲ್ಲೂ ಕಂಡಕ್ಟರು ಬೇಕಂತಲೇ ತಡ ಮಾಡುತ್ತಿದ್ದಾನೆ ಅನ್ನಿಸಿತು.

ಶಿರೀಷಮಾಮ ಪೋಸ್ಟ್‌ಮಾಸ್ತರಾಗಿ ನಿವೃತ್ತರಾದವರು. ಅವರಿಗಿಂತ ಒಂದು ಹೆಜ್ಜೆ ಮುಂದೆ ಅವರ ಹೊಟ್ಟೆ ಬರುತ್ತದೆ. ತಂಗಿಯ ಮಗಳು ವಿಷಯ ಹೇಳುತ್ತಲೇ ಅಂಗಿಯ ತೋಳು ಮಡಚಿ ಲ್ಯಾಬಿಗೆ ನಡೆದರು. ರಕ್ತ ತೆಗೆಯುವವನಿಗೆ, "ಧಾರಾಳ ತಗೋಪಾ, ಸಕ್ಕರಿ ರಕ್ತ ಅದ, ಕೆಡೋದಿಲ್ಲ," ಎಂದು ಚೇಷ್ಟೆ ಮಾಡಿದರು.

ಮರಳಿ ಮನೆಗೆ ಬರುವಾಗ ಶುಭದಾ ತಡೆಯಲಾರದೆ ಹೇಳಿದಳು. "ಮಾಮಾ, ನಿಮ್ಮದು ಅದ ಜೀನಿಂದು ಆಗಿದ್ರ ನನಗ ಸೂಜಿ ತಪ್ಪತದ. ಆಗ್ಲಿ ಅಂತ ಅನಸ್ಲಿಕತ್ತದ. ನಾ ಎಷ್ಟು ಕೆಟ್ಟಾಕಿ ನೋಡ್ರಿ."

"ಯಾಕ ಕೆಟ್ಟಾಕಿ? ನಂದು ಹೆಂಗೂ ಇದ್ದದ್ದ ಅದ. ಅದ್ರಿಂದ ನಿನಗ ಒಳ್ಳೇದಾಗೋದಿದ್ರ ನಾ ಉಂಡ ಹೋಳಿಗಿ ಸಾರ್ಥಕ ಆದ್ವು." ಮಾಮ ನಕ್ಕರು. ಆಮೇಲೆ ಕೇಳಿದರು. "ನಿಮ್ಮಪ್ಪಂದೇನು?"

"ಅವ್ರದು ಸರಿ ಅದ. ವರ್ಷಾ ನೋಡಸ್ತಾರ."

"ಗೊತ್ತದ ಬಿಡು. ಎಂದ ನೋಡಸ್ತಾರ ಕೇಳೀಯೇನು? ಏಕಾದಶಿ ಮಾಡಿ ಮರುದಿನಾ ದ್ವಾದಶಿ ಮುಂಜಾನಿ! ಹೆಂಗೂ ಉಪವಾಸ ಇರ್ತೇನಿ, ಅದರ ಸಲುವಾಗಿ ಬ್ಯಾರೆ ಉಪವಾಸ ಯಾಕಂತ. ಹಗಲು ರಾತ್ರಿ ನೀರು ಬಿಟ್ಟು ಕೂತ್ರ ನನ್ನ ಸಕ್ಕರೀನೂ ಸನ್ಯಾಸಿ ಆಗತದವಾ!"

ಶುಭದಾಳಿಗೆ ನಗು ಬಂತು. ಅರ್ಧ ನಕ್ಕು ನಿಲ್ಲಿಸಿದಳು.

ಎರಡು ದಿನ ಬಿಟ್ಟು, ಶಾಲೆ ಮುಗಿಸಿ ಮರಳುವ ಬಸ್ಸಿನಲ್ಲಿ ಡಾಕ್ಟರ ಫೋನು ಬಂತು. ಮಾಮನ ಸಿಆರ್‌ಪಿ ಏರಿದೆ, ಅವರದು ಹೊಟ್ಟೆಯ ಜೊತೆ ಬಂದ ಸಾದಾ ಟೈಪ್ ಟೂ, ನಿನ್ನದಕ್ಕೂ ಅದಕ್ಕೂ ಸಂಬಂಧ ಕಾಣುವುದಿಲ್ಲ. "ನಿಮ್ಮ ತಂದಿಯವರದು ಉಂಡ ಮ್ಯಾಲಿಂದು ಯಾರರೆ ನೋಡ್ಯಾರೇನು? ಈ ಜೀನಿನ ಸಕ್ಕರ್ಯಾಗ ಹಸಿದಾಗ ಸರಿ ಇದ್ದು, ಉಂಡ ಮ್ಯಾಲೆ ಹಾರಿ ಹೋಗೋದುಂಟು," ಎಂದು ಡಾಕ್ಟರು ಕೇಳಿದರು. ಶುಭದಾ ಇಲ್ಲವೆಂದಳು.

ಬಸ್ಸು ಅಮೀನಗಡದಲ್ಲಿ ನಿಂತಿತ್ತು. ಜನ ಇಳಿದು ಕರದಂಟಿನ ಅಂಗಡಿಗೆ ಮುತ್ತಿದರು, ಬೆಲ್ಲ, ಅಂಟು, ತುಪ್ಪದ ವಾಸನೆ ಕಿಟಕಿಯೊಳಗೆ ಬಂತು. ಶುಭದಾ ಸೀಟು ಖಾಲಿ ಇದ್ದರೂ ಕೂರದೆ ಕಂಬ ಹಿಡಿದು ನಿಂತಿದ್ದಳು. ತನ್ನ ಅಪ್ಪನ ಒಣಗಿದ ಮೈ, ಎರಡು ಹೆಜ್ಜೆಗೊಮ್ಮೆ ನೀರು ಕುಡಿಯುವ ಅಭ್ಯಾಸ, ಇತ್ತೀಚೆಗೆ ಓದುವಾಗ ಅಕ್ಷರ ಕದಡುತ್ತವೆ ಎಂದು ಗೊಣಗುವುದು ಎಲ್ಲ ಒಂದಾದ ಮೇಲೊಂದು ಬಂದವು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತಲ್ಲ! ಅವಳ ಬಾಯಿಂದ ಆ ಮಾತು ಹೊರಬಂದೇ ಬಿಟ್ಟಿತು. ಅಪ್ಪಗ ಇರಲಿ ದೇವರೇ. ಪಕ್ಕದಲ್ಲಿದ್ದ ಮುದುಕಿ ತಿರುಗಿ ನೋಡಿದಳು. ಶುಭದಾಳಿಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು, ತನ್ನ ಮೇಲೆ ತನಗೇ ಹೇಸಿಕೆ ಬಂತು. ಆದರೂ ಬೇಡಿಕೊಂಡದ್ದನ್ನು ಮರಳಿ ತಗೊಳ್ಳಲಿಲ್ಲ.

ಮನೆಗೆ ಹೋಗಿ ಕೇಳುವ ಧೈರ್ಯ ಬರಲಿಲ್ಲ. ಭಾನುವಾರ ಬಾದಾಮಿಗೆ ಹೋದಳು. ಅಲ್ಲಿ ತಂದೆಯ ಅಕ್ಕ ಅಂಬಕ್ಕ ಇದ್ದರು. ವಯಸ್ಸಾಗಿದ್ದರೂ ನೆನಪು ಗಟ್ಟಿ, ನಾಲಿಗೆ ಇನ್ನೂ ಗಟ್ಟಿ. ಶುಭದಾಳ ಅಜ್ಜ ವಿಠ್ಠಲರಾಯರು ಕಾಲಿಗೆ ಮುಳ್ಳು ಚುಚ್ಚಿ ತೀರಿಕೊಂಡರೆಂಬುದು ಮನೆಯ ಎಲ್ಲರಿಗೂ ಗೊತ್ತಿದ್ದ ಕಥೆ.

"ಅತ್ಯಾ, ಒಂದು ಮುಳ್ಳಿಗೆ ಮನುಷ್ಯಾ ಸಾಯ್ತಾನೇನ್ರಿ?"

"ಮುಳ್ಳಿಂದೇನದವಾ, ಗಾಯಾ ಮಾಯಲಿಲ್ಲ. ವರ್ಷಗಟ್ಟಲೆ ಸೋರಿತು. ಆಳ ನೋಡಿದ್ರ ಕಡ್ಡಿ, ಆದರ ಕೊಡಾ ನೀರು ಕುಡೀತಿದ್ರು." ಅಂಬಕ್ಕ ದನಿ ತಗ್ಗಿಸಿದರು. "ಹೇಳಬಾರದು, ಅಪ್ಪ ಬಚ್ಚಲಿಗೆ ಹೋಗಿ ಬಂದ್ರ ಸಾಕು, ಇರಿವಿ ಸಾಲ ಹಚ್ಚಿ ಬರ್ತಿದ್ವು. ನಾ ಸಣ್ಣಾಕಿ, ದಿನಾ ಅರಿಷಿಣ ಹಾಕಿ ಓಡಸೋದು ನನ್ನ ಕೆಲಸಾ. ನಮ್ಮವ್ವ ಏನಂತಿದ್ಲು ಗೊತ್ತೇನು? ನಿಮ್ಮಪ್ಪಂದು ಪುಣ್ಯಾದ ಶರೀರ, ಅದಕ್ಕ ಇರಿವಿ ಬರ್ತಾವ ಅಂತ!"

ಶುಭದಾ ಚಹಾ ಕಪ್ಪು ಕೆಳಗಿಟ್ಟಳು. ಸಣಕಲು ಮೈ, ನೀರಡಿಕೆ, ಮೂತ್ರಕ್ಕೆ ಇರುವೆ, ಮಾಯದ ಗಾಯ. ಈ ಮನೆತನದ ಪುಣ್ಯವೆಲ್ಲ ಏನೆಂದು ಅವಳಿಗೆ ಹೊಳೆದು ಹೋಗಿತ್ತು. ಊಟಕ್ಕೂ ನಿಲ್ಲದೆ ಹೊರಟು, ಮರೆತಿದ್ದ ಚಪ್ಪಲಿಗೆ ಮತ್ತೆ ವಾಪಸು ಬಂದಳು.

ಆ ಸಂಜೆ ವಿದ್ಯಾಗಿರಿಯ ಮನೆಯಲ್ಲಿ ನಡೆದದ್ದಕ್ಕೆ ಜಗಳ ಅನ್ನುವುದೂ ಕಡಿಮೆಯೇ.

"ಸತ್ತವ್ರ ಬಚ್ಚಲದಾಗ ಇರಿವಿ ಹುಡುಕ್ಲಿಕ್ಕೆ ಬಾದಾಮಿಗೆ ಹೋಗಿದ್ದೆಯೇನು?" ಸತ್ಯಬೋಧರ ದನಿ ಬೀದಿಗೆ ಕೇಳುವಂತಿತ್ತು. "ನನ್ನ ಅಪ್ಪ ಸಾಕ್ಷಾತ್ ಋಷಿ ಇದ್ದಂಗ ಇದ್ರು. ಅವ್ರಿಗೆ ಸಕ್ಕರಿ ಹಚ್ಚತಿ?"

"ಅಪ್ಪಾ, ನಾ ಯಾರಿಗೂ ಏನೂ ಹಚ್ಚವಲ್ಲೆ. ಒಂದ ಒಂದು ಸಲಾ ಉಂಡ ಎರಡು ತಾಸಿನ ಮ್ಯಾಲೆ ರಕ್ತಾ ಕೊಡ್ರಿ. ಬೆರಳಿಗೆ ಚುಚ್ಚೋದು, ಅಷ್ಟ."

"ಉಂಡ ಮ್ಯಾಲೆ ಯಾರದು ನೋಡಿದ್ರೂ ಸಕ್ಕರಿ ಇರ್ತದ. ಅಂಥಾ ಪರೀಕ್ಷಾ ನನಗ ಬ್ಯಾಡ. ಬರೋ ದ್ವಾದಶಿಗೆ ಹೆಂಗೂ ಕೊಡ್ತೇನಿ. ಆಗ ನೋಡು."

"ದ್ವಾದಶಿ ಮುಂಜಾನಿ ನೀವು ಏನೂ ಉಂಡಿರೋದಿಲ್ಲ. ಅದಕ್ಕ ಅದು ಸಿಗೋದಿಲ್ಲ!"

"ಉಪವಾಸ ಮಾಡಿದ್ದು ತಪ್ಪಾತೇನು?"

ಸರಸ್ವತೀಬಾಯಿ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ತವರಿನ ಕಳಂಕ ಹೋಯಿತೆಂದು ಅವರು ಬೀಗಬಹುದಿತ್ತು, ಬೀಗಲಿಲ್ಲ. "ಇಳಕಲ್ಲಿಂದರೆ ಬಂದಿರಲಿ, ಬಾದಾಮಿಯಿಂದರೆ ಬಂದಿರಲಿ. ಹುಡುಗೀದು ಸೂಜಿ ಹೋಗಲಿ ಅಂತ ಯಾರಿಗೂ ಅನಸವಲ್ತಲ್ಲ," ಎಂದಷ್ಟೇ ಹೇಳಿ ಒಳಗೆ ಹೋದರು.

ಆಮೇಲೆ ತಂದೆ ಮಗಳ ನಡುವೆ ಮಾತು ನಿಂತಿತು. ಶುಭದಾ ಬೆಳಿಗ್ಗೆ ಬೇಗ ಹೊರಡುವಳು, ಸಂಜೆ ಬಸ್ಸಿಳಿದು ಮನೆಗೆ ಬಾರದೆ ನಾಲ್ಕು ಸುತ್ತು ಹಾಕುವಳು. ಹೆಡ್‌ಮಾಸ್ತರು ಮತ್ತೊಮ್ಮೆ ಮೃದುವಾಗಿ ಕೇಳಿದರು, ರಜೆಯ ವಿಚಾರ ಏನು ಮಾಡಿದಿರಿ ಎಂದು.

ಏಕಾದಶಿ ಬಂತು, ಕಳೆಯಿತು. ದ್ವಾದಶಿಯ ಬೆಳಿಗ್ಗೆ ಸತ್ಯಬೋಧರು ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದು, ಸ್ನಾನ ಮಾಡಿ ಮಡಿ ಉಟ್ಟರು. ಪೂಜೆಗೆ ಕೂಡುವ ಮೊದಲೇ ಮೊಬೈಲಿಗೆ ರಿಪೋರ್ಟು ಬಂತು. ಅದನ್ನು ಸರಸ್ವತೀಬಾಯಿಯ ಕೈಯಿಂದ ಮಗಳಿಗೆ ತೋರಿಸಲು ಹೇಳಿದರು. ತೊಂಬತ್ತೆಂಟು. ಶುಭದಾ ನೋಡಿ ಮೊಬೈಲನ್ನು ತಾಯಿಯ ಕೈಗೇ ಮರಳಿ ಕೊಟ್ಟಳು.

ಆ ಮನೆಯಲ್ಲಿ ದ್ವಾದಶಿಯ ದಿನ, ಉಪವಾಸ ಇದ್ದ ಯಜಮಾನರು ತೀರ್ಥ ತಗೊಂಡು ಪಾರಣೆಗೆ ಕೂಡುವತನಕ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಹಾಗಾಗಿ ಶುಭದಾ ಒಂದು ರೂಢಿ ಮಾಡಿಕೊಂಡಿದ್ದಳು. ದೇವರ ಮನೆಯಲ್ಲಿ ಮಂಗಳಾರತಿಯ ಗಂಟೆ ಬಾರಿಸಿದ ಕೂಡಲೇ ಇನ್ಸುಲಿನ್ ಚುಚ್ಚಿಕೊಳ್ಳುವುದು. ಆರತಿ ಆಯಿತೆಂದರೆ ಸ್ವಲ್ಪ ಹೊತ್ತಿಗೆ ಎಲೆ ಬಿದ್ದೇ ಬೀಳುತ್ತದೆ. ಒಂಬತ್ತು ವರ್ಷ ಆ ಗಂಟೆ ಅವಳಿಗೆ ಮೋಸ ಮಾಡಿರಲಿಲ್ಲ.

ಅಂದೂ ಗಂಟೆ ಬಾರಿಸಿತು, ಅವಳು ಚುಚ್ಚಿಕೊಂಡಳು. ಆದರೆ ಸತ್ಯಬೋಧರ ಮನಸ್ಸು ಅಂದು ತಳಮಳಿಸುತ್ತಿತ್ತು. ತೊಂಬತ್ತೆಂಟು ಬಂದರೂ ಸಮಾಧಾನವಿಲ್ಲ. ಋಷಿಯಂಥ ತಂದೆಯ ಸೋರುವ ಕಾಲು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಆ ಕಾಲಿಗೆ ಬಟ್ಟೆ ಕಟ್ಟುತ್ತಿದ್ದವರು ಅವರೇ. ಆರತಿ ಮುಗಿಸಿ ಏಳದೆ, ಕಣ್ಣು ಮುಚ್ಚಿ ಉದ್ದನೆಯ ಸ್ತೋತ್ರವೊಂದನ್ನು ಹಿಡಿದರು. ಮುಗಿಯಿತು, ಇನ್ನೊಂದು ಹಿಡಿದರು.

ನಡುಮನೆಯಲ್ಲಿ ಶುಭದಾ ಅತ್ತಿಂದಿತ್ತ ತಿರುಗುತ್ತಿದ್ದಳು. ಕೈ ನಡುಗಲು ಶುರುವಾಯಿತು. ಬ್ಯಾಗಿನಲ್ಲಿ ಚಾಕಲೇಟು ಇತ್ತು, ಬ್ಯಾಗು ಮಹಡಿಯ ಮೇಲೆ. ಹತ್ತಿ ಹೋಗಬಹುದಿತ್ತು. ನಾ ಯಾಕೆ ತಿನ್ನಲಿ, ಅವರೇ ಮುಗಿಸಲಿ ಎಂದು ಹಠ ಬಂತು. ಸಕ್ಕರೆ ಇಳಿಯುವಾಗ ಬುದ್ಧಿಯೂ ಅದರ ಜೊತೆಗೇ ಇಳಿಯುತ್ತದೆ ಎಂಬುದು ಅವಳಿಗೆ ಗೊತ್ತಿರದ ಮಾತಲ್ಲ. ದೇವರ ಮನೆಯ ಹೊಸಿಲ ತನಕ ಬಂದು, "ಅಪ್ಪಾ, ಇನ್ನ ಎಷ್ಟು..." ಎನ್ನುತ್ತಲೇ ಬಾಗಿಲ ಚೌಕಟ್ಟಿಗೆ ಒರಗಿ, ಜಾರಿ ಕೆಳಗೆ ಕೂತುಬಿಟ್ಟಳು.

ಸತ್ಯಬೋಧರು ಕಣ್ಣು ತೆರೆದರು. ಮಗಳ ಮುಖ ಬೂದಿಯಾಗಿತ್ತು, ಬೆವರು ಗಲ್ಲದಿಂದ ಇಳಿಯುತ್ತಿತ್ತು. ಸರಸ್ವತೀಬಾಯಿ ಹಿತ್ತಲಲ್ಲಿದ್ದರು. ಮಡಿ ಉಟ್ಟು, ತೀರ್ಥವನ್ನೂ ಮುಟ್ಟದೆ ಕೂತಿದ್ದ ಮನುಷ್ಯ ನೈವೇದ್ಯದ ಬಟ್ಟಲನ್ನೇ ಎತ್ತಿಕೊಂಡು ಒಂದೇ ನೆಗೆತಕ್ಕೆ ಹೊಸಿಲು ದಾಟಿದರು. ಅದರೊಳಗಿನ ಹಯಗ್ರೀವವನ್ನು ಕೈತುಂಬ ತೆಗೆದು, ಮೈಲಿಗೆಯ ಮಗಳನ್ನು ತೊಡೆಗೆ ಒರಗಿಸಿಕೊಂಡು, ಬಾಯಿಗೆ ತುರುಕಿದರು. ಕಡಲೆಬೇಳೆ, ಬೆಲ್ಲ, ತುಪ್ಪ ಅವಳ ತುಟಿಗೆ, ಗದ್ದಕ್ಕೆ, ಅವರ ಮಡಿಗೆ ಎಲ್ಲ ಮೆತ್ತಿತು.

"ನುಂಗವಾ ಶುಭೀ. ನುಂಗು. ತಪ್ಪಾತವಾ, ನನ್ನದ ತಪ್ಪಾತು. ನುಂಗು."

ಅವಳು ನುಂಗಿದಳು. ಇನ್ನೊಂದು ತುತ್ತು, ಇನ್ನೊಂದು. ಕಣ್ಣಿಗೆ ಬೆಳಕು ತಿರುಗಿ ಬಂದಾಗ ಅಪ್ಪ ಮುಂದಿನ ತುತ್ತು ಹಿಡಿದು ಅವಳು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದರು.

"ನಿಮ್ಮ ಮಡಿ ಹೋತಲ್ಲರಿ," ಎಂದರು ಓಡಿ ಬಂದ ಸರಸ್ವತೀಬಾಯಿ.

"ಹೋಗಲಿ," ಎಂದರು ಸತ್ಯಬೋಧರು. "ಎಲಿ ಹಾಕು."

ಮತ್ತೆ ಸ್ನಾನ ಮಾಡಲಿಲ್ಲ. ಬೆಲ್ಲ ಮೆತ್ತಿದ ಪಂಚೆಯಲ್ಲೇ ತೀರ್ಥ ತಗೊಂಡು ಪಾರಣೆಗೆ ಕೂತರು, ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಅನ್ನ ಉಂಡರು, ಹಯಗ್ರೀವ ಉಂಡರು, ಎಲೆ ಮುಂದೆ ಚಾಚಿ ಇನ್ನೊಮ್ಮೆ ಹಾಕಿಸಿಕೊಂಡರು.

ಊಟ ಮುಗಿಸಿ ಶುಭದಾ ಅಂದು ಶಾಲೆಗೆ ಹೋಗದೆ ಮಂಚದ ಮೇಲೆ ಒರಗಿದ್ದಳು. ನಿದ್ದೆ ಬರಲಿಲ್ಲ. ಎದ್ದು ಕಿಟಕಿಗೆ ಹೋದಳು, ಮತ್ತೆ ಬಂದು ಒರಗಿದಳು. ಸತ್ಯಬೋಧರು ಹೊರಗೆ ಶತಪಥ ಹಾಕುತ್ತಿದ್ದುದು ಕೇಳುತ್ತಿತ್ತು. ಕೊನೆಗೆ ಬಾಗಿಲಲ್ಲಿ ಬಂದು ನಿಂತರು.

"ಎರಡು ತಾಸು ಆತು," ಎಂದರು. "ನಿನ್ನ ಮಶೀನ್ ತಗೊಂಡು ಬಾ."

ಅವರು ಕೈ ತೊಳೆದು ಒರೆಸಿಕೊಂಡು ಬೆರಳು ಚಾಚಿದರು. ತನ್ನ ಬೆರಳಿಗೆ ಸಾವಿರ ಸಲ ಚುಚ್ಚಿದ ಶುಭದಾಳಿಗೆ ಆ ಬೆರಳಿಗೆ ಚುಚ್ಚಲು ಕೈ ಏಳಲಿಲ್ಲ. ಅಂತೂ ಚುಚ್ಚಿದಳು. ಹನಿ ಪಟ್ಟಿಗೆ ಏರಿತು. ಮಶೀನು ಎಣಿಸತೊಡಗಿತು. ಇರಬಾರದು ದೇವರೇ ಎಂದುಕೊಂಡಳು, ಮರುಕ್ಷಣ ಇರಲಿ ಎಂದುಕೊಂಡಳು, ಯಾವುದು ತನ್ನ ಖರೆ ಮಾತೆಂದು ಅವಳಿಗೇ ತಿಳಿಯಲಿಲ್ಲ.

ಮುನ್ನೂರ ಹನ್ನೆರಡು.

ಎರಡು ಬಟ್ಟಲಲ್ಲ, ನಾಲ್ಕು ಬಟ್ಟಲು ಹಯಗ್ರೀವ ಉಂಡರೂ ಕಾಯಿಲೆ ಇಲ್ಲದ ಮೈಯಲ್ಲಿ ಅಷ್ಟು ಬರುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು. ಮುಂದೆ ಅವರ ಸಿಆರ್‌ಪಿಯೂ ತಳದಲ್ಲಿ ಸಿಕ್ಕಿದ್ದು, ತಂದೆ ಮಗಳಿಬ್ಬರ ಜೀನ್ ಪರೀಕ್ಷೆಯಲ್ಲಿ ಒಂದೇ ಕುರುಹು ಬಂದದ್ದು, ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಅವಳ ಇನ್ಸುಲಿನ್ ಬಿಡಿಸಿ ಗುಳಿಗೆಗೆ ತಂದದ್ದು, ಸತ್ಯಬೋಧರೇ ಇಳಕಲ್ಲಿಗೆ ಫೋನು ಮಾಡಿ ಭಾವಮೈದುನನ ಕ್ಷಮೆ ಕೇಳಿದ್ದು, ಎಲ್ಲ ಆಮೇಲಿನ ಮಾತು. ಆ ಕ್ಷಣಕ್ಕೆ ಅವಳ ಕೈಯಲ್ಲಿ ಇದ್ದದ್ದು ಆ ಅಂಕಿ ಒಂದೇ. ಅದನ್ನು ನೋಡುತ್ತಲೇ, ತಡೆಯುವ ಮೊದಲೇ, ಅವಳ ಮುಖದ ತುಂಬ ಸಂತೋಷ ಹರಡಿಬಿಟ್ಟಿತು.

ಸತ್ಯಬೋಧರಿಗೆ ಕನ್ನಡಕವಿಲ್ಲದೆ ಅಂಕಿ ಕಾಣುತ್ತಿರಲಿಲ್ಲ. ಮಗಳ ಮುಖ ಕಂಡಿತು.

"ಅದ, ಹೌದಲ್ಲವಾ?" ಎಂದರು.

ಶುಭದಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. "ಅಪ್ಪಾ, ನಿಮಗ ಇರಲಿ ಅಂತ ನಾ ಬೇಡ್ಕೊಂಡಿದ್ದೆರಿ. ಬಸ್ಸಿನ್ಯಾಗ ನಿಂತು ಬೇಡ್ಕೊಂಡೆ. ಎಂಥಾ ಮಗಳ್ರಿ ನಾ?"

ಬಾಗಿಲಲ್ಲಿ ಸರಸ್ವತೀಬಾಯಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಸತ್ಯಬೋಧರು ರಕ್ತ ಒಸರುತ್ತಿದ್ದ ಬೆರಳನ್ನು ಒತ್ತಿ ಹಿಡಿದುಕೊಂಡು ಮಗಳ ಪಕ್ಕದಲ್ಲಿ ಕೂತರು.

"ನಾ ಏನು ಬ್ಯಾರೆ ಬೇಡ್ಕೊಂಡೆನೇನವಾ?" ಎಂದರು. "ನಿನ್ನ ಬಾಯಾಗ ತುತ್ತು ಇಡಬೇಕಾದ್ರ ನಾನೂ ಅದನ್ನ ಬೇಡ್ಕೊಂಡೆ. ಇದ್ರ ಎದ್ದು ಕಾಣಲಿ ಅಂತನ ಇವತ್ತು ಎರಡನೇ ಸಲಾ ಹಾಕಿಸ್ಕೊಂಡು ಉಂಡದ್ದು."